ಪೆರ್ನಾಲ್ ಮನೆ: ಸುಪ್ರದಿಂದ ಡೈನಿಂಗ್ ಟೇಬಲಿನವರೆಗೆ

ಕಳೆದ ವರ್ಷ ಶಅಬಾನ್ ತಿಂಗಳ ಕೊನೆಗೆ, ಮದ್ರಸಕ್ಕೆ ರಮಝಾನ್ ರಜೆ ಕೊಡುವ ದಿನ, ಐದನೇ ತರಗತಿಯ ಮಕ್ಕಳಿಗೆ ನಾನೊಂದು ಸ್ಪರ್ಧೆ ಇಟ್ಟೆ. "ಪೆರ್ನಾಲ್ ದಿನ ನಿಮ್ಮ ಮನೆಯನ್ನೂ ಊಟದ ಟೇಬಲನ್ನೂ ಚೆಂದ ಮಾಡಿ ಸಿಂಗರಿಸಿ, ಒಂದು ಫೋಟೋ ತೆಗೆದು ಗ್ರೂಪಿಗೆ ಹಾಕಿ, ಒಳ್ಳೆಯ ಮೂರಕ್ಕೆ ಬಹುಮಾನ ಉಂಟು" ಅಂದೆ. ಮಕ್ಕಳು ಕುಣಿದಾಡಿದರು. ನನ್ನ ಉದ್ದೇಶ ಕೆಟ್ಟದ್ದೇನೂ ಆಗಿರಲಿಲ್ಲ. ರಜೆಯಲ್ಲಿ ಮೊಬೈಲ್ ಹಿಡಿದು ಮೂಲೆಯಲ್ಲಿ ಕೂರುವ ಬದಲು ಉಮ್ಮನಿಗೆ ಸ್ವಲ್ಪ ಕೈಜೋಡಿಸಲಿ, ಅಂಗಳ ಗುಡಿಸಲಿ, ನಾಲ್ಕು ಹೂವಾದರೂ ಕೊಯ್ದು ತರಲಿ ಎಂದಷ್ಟೇ ಇತ್ತು.

ತರಗತಿಯಲ್ಲಿ 27 ಮಕ್ಕಳು. ಪೆರ್ನಾಲ್ ದಿನ ಮಧ್ಯಾಹ್ನದೊಳಗೆ 19 ಫೋಟೋ ಬಂತು. ನೋಡಿ ನನಗೇ ಆಶ್ಚರ್ಯ. ಒಂದು ಮನೆಯಲ್ಲಿ ಗೋಡೆ ತುಂಬ ಬಂಗಾರ ಬಣ್ಣದ ಬಲೂನ್, ನಡುವೆ ಈದ್ ಮುಬಾರಕ್ ಎಂಬ ಹೊಳೆಯುವ ಅಕ್ಷರಗಳು. ಇನ್ನೊಂದರಲ್ಲಿ ಟೇಬಲ್ ಮೇಲೆ ಮರದ ಅರ್ಧಚಂದ್ರ, ಅದಕ್ಕೆ ಸುತ್ತಿದ ಸಣ್ಣ ಬಲ್ಬಿನ ಸರ, ಈಜಿಪ್ಟಿನ ಕೈರೊದಲ್ಲಿ ರಮಝಾನ್‌ಗೆ ತೂಗುಹಾಕುವಂಥ ಫಾನೂಸ್ ಲಾಟೀನು, ಮೂರು ಅಂತಸ್ತಿನ ತಟ್ಟೆಯಲ್ಲಿ ಖರ್ಜೂರ, ಚಾಕೊಲೇಟ್. ಬಿರಿಯಾನಿ ಎಲ್ಲಿದೆ ಎಂದು ಹುಡುಕಬೇಕು. ನಾನು ಸುಲಭದಲ್ಲಿ ಮೂರನ್ನು ಆರಿಸಿ ಗ್ರೂಪಿನಲ್ಲಿ ಹೆಸರು ಹಾಕಿದೆ. ಉಳಿದ ಎಂಟು ಮಕ್ಕಳ ಬಗ್ಗೆ ಯೋಚನೆ ಮಾಡಲಿಲ್ಲ. ನೆಟ್‌ವರ್ಕ್ ಸಿಗಲಿಲ್ಲವೇನೋ ಅಂದುಕೊಂಡೆ.

ಶವ್ವಾಲ್ ಎಂಟಕ್ಕೆ ಮದ್ರಸ ತೆರೆಯಿತು. ಒಬ್ಬ ಹುಡುಗ ಬರಲಿಲ್ಲ. ಎರಡನೇ ದಿನವೂ ಇಲ್ಲ, ಮೂರನೇ ದಿನವೂ ಇಲ್ಲ. ಒಂದು ದಿನ ತಪ್ಪಿಸದ ಹುಡುಗ, ಓದಿನಲ್ಲೂ ಚುರುಕು. ನಾಲ್ಕನೇ ದಿನ ಅಸರ್ ಕಳೆದ ಮೇಲೆ ನಾನೇ ಹುಡುಕಿಕೊಂಡು ಹೋದೆ. ಅದರ ಕಥೆ ಮುಂದೆ ಹೇಳುತ್ತೇನೆ. ಅಲ್ಲಿಗೆ ಹೋಗುವ ಮೊದಲು ನಮ್ಮ ಮನೆಗಳ ಸಿಂಗಾರದ ಬಗ್ಗೆ ಸ್ವಲ್ಪ ಮಾತಾಡಬೇಕು.

ಬೇರೆಯವರ ಹಬ್ಬಕ್ಕೂ ನಮ್ಮ ಪೆರ್ನಾಲಿಗೂ ಒಂದು ದೊಡ್ಡ ವ್ಯತ್ಯಾಸ ಉಂಟು. ನಮ್ಮದು ಚಾಂದ್ರಮಾನ ವರ್ಷ, 354 ದಿನ. ಹಾಗಾಗಿ ಪೆರ್ನಾಲ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಸುಮಾರು 33 ವರ್ಷಕ್ಕೆ ಎಲ್ಲ ಕಾಲಗಳನ್ನೂ ಒಂದು ಸುತ್ತು ಹಾಕುತ್ತದೆ. ನಾನು ಹುಟ್ಟಿದ್ದು 1981ರಲ್ಲಿ, ಆ ವರ್ಷದ ಈದುಲ್ ಫಿತ್ರ್ ಆಗಸ್ಟ್ ಮೊದಲ ವಾರ. ಮತ್ತೆ ಅದು ಆಗಸ್ಟ್ ಮೊದಲರ್ಧಕ್ಕೆ ಬಂದು ನಿಂತಾಗ 2013, ನನಗೆ ಗಡ್ಡದಲ್ಲಿ ನಾಲ್ಕು ಬಿಳಿಕೂದಲು. 2000 ಇಸವಿಯಲ್ಲಂತೂ ಜನವರಿಯಲ್ಲೊಂದು, ಡಿಸೆಂಬರ್‌ನಲ್ಲೊಂದು, ಎರಡು ಈದುಲ್ ಫಿತ್ರ್ ಮಾಡಿದವರು ನಾವು. ಆದ್ದರಿಂದ ಇಂಥ ಹೂವು, ಇಂಥ ಹಣ್ಣು, ಇಂಥ ದೀಪ ಎಂದು ಪೆರ್ನಾಲಿಗೆ ನಿಶ್ಚಯ ಮಾಡಿಡುವ ಹಾಗಿಲ್ಲ. ಬೇಸಿಗೆಯಲ್ಲಿ ಬಂದರೆ ಶಂಕರಪುರ ಮಲ್ಲಿಗೆ ಧಾರಾಳ. ಮಳೆಗಾಲದಲ್ಲಿ ಬಂದರೆ ಅದೇ ಮಲ್ಲಿಗೆಗೆ ಕೈ ಹಾಕುವ ಹಾಗಿಲ್ಲ. ಒಂದು ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಟ್ಟೆಯ ರೇಟು ಕೇಳಿ ಚೆಂಡು ತಂದವರು, ಚೆಂಡಿನ ರೇಟು ಕೇಳಿ ಒಂದು ಮೊಳ ತಂದವರು ನಮ್ಮಲ್ಲಿ ಎಷ್ಟು ಜನ!

ಇನ್ನೊಂದು, ನಮಗೆ ಸಿಂಗರಿಸಲು ಸಿಗುವುದು ಒಂದೇ ರಾತ್ರಿ. 29ರ ಮಗ್ರಿಬ್ ಆದ ಮೇಲೆ ಖಾಝಿಯವರ ಘೋಷಣೆ ಬರುವವರೆಗೂ ನಾಳೆ ಪೆರ್ನಾಲೋ ನೋಂಬೋ ಗೊತ್ತಿಲ್ಲ. 2018ರಲ್ಲಿ ಕರಾವಳಿಯ ನಾವು ಜೂನ್ 15ಕ್ಕೆ ಪೆರ್ನಾಲ್ ಮಾಡಿದರೆ ದೇಶದ ಹೆಚ್ಚಿನ ಕಡೆ ಮರುದಿನ. ಚಂದ್ರ ಕಂಡ ಸುದ್ದಿ ಬಂದ ಕೂಡಲೇ ಮಸೀದಿಯಲ್ಲಿ ತಕ್ಬೀರ್, ಮನೆಯಲ್ಲಿ ಗಡಿಬಿಡಿ. ಒಂದು ಕಡೆ ಫಿತ್ರ್ ಝಕಾತಿನ ಅಕ್ಕಿ ಅಳೆಯಬೇಕು, ಇನ್ನೊಂದು ಕಡೆ ಮಕ್ಕಳಿಗೆ ಮೈಲಾಂಜಿ, ಮಾಂಸದ ಅಂಗಡಿಯಲ್ಲಿ ಕ್ಯೂ, ಟೈಲರ್ ಅಂಗಡಿಯಲ್ಲಿ ಜಗಳ. ಹೀಗಾಗಿ ಹಿಂದಿನವರು ಸಿಂಗಾರದ ಕೆಲಸವನ್ನು ಮೊದಲೇ ಮುಗಿಸಿ ಇಡುತ್ತಿದ್ದರು, ಅದು ಮುಖ್ಯವಾಗಿ ಶುಚಿ ಮಾಡುವ ಕೆಲಸ. ಬರಾಅತ್ ರಾತ್ರಿಗೆ ಮೊದಲೇ ಗೋಡೆಗೆ ಸುಣ್ಣ, ಸುಣ್ಣಕ್ಕೆ ಚಿಟಿಕೆ ನೀಲಿ. ರಮಝಾನಿನ ಕೊನೆಯ ಹತ್ತರಲ್ಲಿ ಚಾಪೆ, ಕಂಬಳಿ, ದಿಂಬು ಬಿಸಿಲಿಗೆ. ನನ್ನ ಉಮ್ಮನ ಉಮ್ಮ ಹಾಲು ಹಿಂಡಿ ಉಳಿದ ತೆಂಗಿನ ತುರಿಯನ್ನು ಬಟ್ಟೆಯಲ್ಲಿ ಕಟ್ಟಿ ಕೆಂಪು ನೆಲಕ್ಕೆ ತಿಕ್ಕುತ್ತಿದ್ದರು. ನೆಲದಲ್ಲಿ ಮುಖ ಕಾಣುತ್ತಿತ್ತು. ಅದರ ಮೇಲೆ ಓಡಿ ಜಾರಿ ಬಿದ್ದು ಪೆಟ್ಟು ತಿಂದದ್ದೇ ನನ್ನ ಮೊದಲ ಪೆರ್ನಾಲ್ ನೆನಪು.

ಊಟಕ್ಕೆ ಟೇಬಲ್ ಇರಲಿಲ್ಲ. ಸುಪ್ರ ಇತ್ತು. ಈಗಿನ ಮಕ್ಕಳಿಗೆ ಸುಪ್ರ ಅಂದರೆ ಮದುವೆ ಹಾಲಿನಲ್ಲಿ ಉರುಳಿಸಿಕೊಂಡು ಹೋಗುವ ಪ್ಲಾಸ್ಟಿಕ್ ರೋಲ್. ನಮ್ಮ ಮನೆಯದ್ದು ಓಲೆಯಿಂದ ಹೆಣೆದದ್ದು, ಅಂಚಿಗೆ ಕೆಂಪು ಬಟ್ಟೆ ಹೊಲಿದದ್ದು. ಪೆರ್ನಾಲಿಗೆ ಮಾತ್ರ ಅಟ್ಟದಿಂದ ಇಳಿಯುತ್ತಿತ್ತು. ಅದನ್ನು ಬಿಡಿಸಿ ಹಾಸಿದರೆ ಅದೇ ಅಲಂಕಾರ. ನಡುವೆ ದೊಡ್ಡ ಹರಿವಾಣದಲ್ಲಿ ನೈಚೋರು, ಬದಿಯಲ್ಲಿ ಕೋಳಿ ಸಾರು, ಪತ್ತಿರ್. ಒಂದು ಹರಿವಾಣಕ್ಕೆ ನಾಲ್ಕೈದು ಜನ. ಮೂಲೆಯಲ್ಲಿ ಕೆಂಡದ ಮೇಲೆ ಸಾಂಬ್ರಾಣಿ. ಕೈ ತೊಳೆಯಲು ಕಿಂಡಿ ಚೆಂಬಿನಲ್ಲಿ ನೀರು ಹಿಡಿದು ನಿಲ್ಲುವುದು ಮಕ್ಕಳ ಡ್ಯೂಟಿ. ಹಿರಿಯರ ಕೈಗೆ ನೀರು ಹೊಯ್ದರೆ ಪೆರ್ನಾಲ್ ಪೈಸೆ ಜಾಸ್ತಿ ಸಿಗುತ್ತದೆ ಎಂಬ ಲೆಕ್ಕಾಚಾರ ನಮಗೂ ಇತ್ತು ಅನ್ನಿ.

ಸುಪ್ರ ಎಂಬ ಶಬ್ದ ಅರಬಿಯ ಸುಫ್ರದಿಂದ ಬಂದದ್ದು. ಮೊದಲು ಅದಕ್ಕೆ ಪ್ರಯಾಣಿಕನ ಬುತ್ತಿ ಎಂಬ ಅರ್ಥ. ಬುತ್ತಿ ಕಟ್ಟುವ ಚರ್ಮದ ಹಾಸಿಗೂ ಅದೇ ಹೆಸರು ಬಂತು, ದಾರಿಯಲ್ಲಿ ಅದನ್ನೇ ಬಿಡಿಸಿ ಹಾಸಿ ಉಣ್ಣುವುದು. ಪ್ರವಾದಿ(ಸ)ಯವರು ಎತ್ತರದ ಮೇಜಿನ ಮೇಲೆ ಊಟ ಮಾಡಲಿಲ್ಲ, ಸುಫ್ರದ ಮೇಲೆ ಮಾಡುತ್ತಿದ್ದರು ಎಂದು ಅನಸ್(ರ)ರವರಿಂದ ಬಂದ ಹದೀಸ್ ಬುಖಾರಿಯಲ್ಲಿದೆ. ಹಾಗೆಂದು ಟೇಬಲ್ ಮೇಲೆ ಉಣ್ಣುವುದು ನಿಷಿದ್ಧ ಎಂದು ಉಲಮಾಗಳು ಹೇಳಿಲ್ಲ. ಈ ವಿಷಯದಲ್ಲಿ ನನ್ನ ಹತ್ತಿರ ಮಸ್‌ಅಲ ಕೇಳಲು ಬರುವವರಿಗೆ ನಾನು ಒಂದೇ ಮಾತು ಹೇಳುವುದು: ನಿಮ್ಮ ಮನೆಯಲ್ಲಿ ಮೊಣಕಾಲು ನೋವಿನ ಅಜ್ಜಿ ಇದ್ದರೆ ಅವರಿಗೆ ಟೇಬಲ್ ದೊಡ್ಡ ಉಪಕಾರ. ಕುರ್ಚಿಯಲ್ಲಿ ಕೂತು ನಮಾಝ್ ಮಾಡುವವರನ್ನು ಊಟಕ್ಕೆ ಮಾತ್ರ ನೆಲದಲ್ಲಿ ಕೂರಿ ಎನ್ನುವುದು ಯಾವ ನ್ಯಾಯ?

ಹಳೆಯದನ್ನು ಹೊಗಳುವಾಗ ನಾವು ಒಂದನ್ನು ಮುಚ್ಚಿಡುತ್ತೇವೆ. ಆ ಸುಪ್ರದಲ್ಲಿ ಕೂತವರು ಗಂಡಸರು, ಮತ್ತೆ ಮಕ್ಕಳು. ಉಮ್ಮ, ಚಿಕ್ಕಮ್ಮಂದಿರು ಎಲ್ಲ ಕೊನೆಗೆ ಅಡುಗೆಕೋಣೆಯಲ್ಲಿ, ಉಳಿದದ್ದರಲ್ಲಿ. ನನ್ನ ಉಮ್ಮ ಪೆರ್ನಾಲ್ ದಿನ ಬಿಸಿ ನೈಚೋರು ಉಂಡದ್ದನ್ನು ನಾನು ಕಂಡಿಲ್ಲ. ಈಗ ಕೆಲವು ಮನೆಗಳಲ್ಲಿ ಟೇಬಲ್ ಬಂದ ಮೇಲೆ ಗಂಡ ಹೆಂಡತಿ ಮಕ್ಕಳು ಒಟ್ಟಿಗೆ ಕೂತು ಉಣ್ಣುತ್ತಾರೆ. ಅದು ಟೇಬಲಿನಿಂದ ಆದ ಒಳ್ಳೆಯದು. ಆದರೆ ಟೇಬಲಿಗೆ ಕುರ್ಚಿ ಆರು ಅಥವಾ ಎಂಟು. ಒಂಬತ್ತನೆಯವನು ಬಾಗಿಲಲ್ಲಿ ಕಂಡರೆ ಮನೆಯವರ ಮುಖದಲ್ಲಿ ಲೆಕ್ಕ ಓಡುತ್ತದೆ. ಸುಪ್ರದಲ್ಲಿ ಆ ಕಷ್ಟ ಇಲ್ಲ, ಸ್ವಲ್ಪ ಸರಿದು ಕೂತರಾಯಿತು. ತಮಾಷೆ ನೋಡಿ, ಈಗ ನಮ್ಮ ಹುಡುಗರು ಮಂದಿ ಹೋಟೆಲಿಗೆ ಹೋಗಿ, ಕಾಲು ಮಡಚಿ ನೆಲದಲ್ಲಿ ಕೂತು, ನಾಲ್ಕು ಜನ ಒಂದೇ ತಟ್ಟೆಯಲ್ಲಿ ಉಂಡು, ಅದಕ್ಕೆ ಸಾವಿರಗಟ್ಟಲೆ ಬಿಲ್ ಕೊಟ್ಟು ಬರುತ್ತಾರೆ. ಯೆಮೆನಿನ ಪದ್ಧತಿ ಅಂತೆ. ಅಟ್ಟದಲ್ಲಿ ಅಜ್ಜಿಯ ಸುಪ್ರ ಇಲಿ ತಿನ್ನುತ್ತಾ ಉಂಟು.

ಟೇಬಲ್ ನಮ್ಮಲ್ಲಿಗೆ ಬಂದದ್ದು ಹೆಚ್ಚಾಗಿ ಗಲ್ಫಿನ ಹಿಂದೆ. ಎಪ್ಪತ್ತು ಎಂಬತ್ತರ ದಶಕದಲ್ಲಿ ದುಬೈ, ದಮಾಮ್, ಕುವೈತಿಗೆ ಹೋದವರು ರಜೆಯಲ್ಲಿ ಬರುವಾಗ ಮಕ್ಕಾ ಮದೀನದ ಚಿತ್ರವಿದ್ದ ವೆಲ್ವೆಟ್ ಹಾಸು ತಂದರು, ಗೋಡೆಗೆ ಹೊಡೆದರು. ಪ್ಲಾಸ್ಟಿಕ್ ಗುಲಾಬಿ ತಂದರು. ಟ್ಯಾಂಗ್ ಡಬ್ಬ, ನೀಡೋ ಡಬ್ಬ, ಥರ್ಮಾಸ್ ಫ್ಲಾಸ್ಕ್, ಹೂವಿನ ಚಿತ್ರದ ಆರ್ಕೊಪಾಲ್ ಪ್ಲೇಟಿನ ಸೆಟ್. ಆ ಪ್ಲೇಟುಗಳನ್ನಿಡಲು ಶೋಕೇಸ್ ಆಯಿತು, ಶೋಕೇಸಿಗೆ ತಕ್ಕ ಹಾಲ್ ಆಯಿತು, ಹಾಲಿಗೆ ತಕ್ಕ ಟೇಬಲ್. ಪ್ಲೇಟ್ ಮಾತ್ರ ಹೊರಗೆ ಬರುವುದು ಪುದಿಯಾಪ್ಲೆ ಬಂದಾಗ, ಇಲ್ಲದಿದ್ದರೆ ಪೆರ್ನಾಲಿಗೆ. ನಮ್ಮ ನೆಂಟರೊಬ್ಬರ ಮನೆಯಲ್ಲಿ ಅಂಥ ಒಂದು ಸೆಟ್ 30 ವರ್ಷ ಒಂದೂ ಒಡೆಯದೆ ಉಳಿದಿತ್ತು. ಮರುಭೂಮಿಯ ಬಿಸಿಲಲ್ಲಿ ದುಡಿದು ತಂದವರು ಆ ಪ್ಲೇಟಿನಲ್ಲಿ ಎಷ್ಟು ಸಲ ಉಂಡರು ಎಂದು ಕೇಳಿದರೆ ಬೆರಳೆಣಿಕೆ.

ಪುದಿಯಾಪ್ಲೆಯ ಮಾತು ಬಂತಲ್ಲ, ಅದನ್ನು ಹಾಗೇ ದಾಟಿ ಹೋಗಲು ನನಗೆ ಮನಸ್ಸಿಲ್ಲ. ಮದುವೆಯಾದ ಮೊದಲ ರಮಝಾನಿನಲ್ಲಿ ಅಳಿಯನನ್ನು ನೋಂಬು ತೆರೆಯಲು ಕರೆಯುವುದು, ಪೆರ್ನಾಲಿಗೆ ತಕ್ಕಾರ ಮಾಡುವುದು ನಮ್ಮ ಒಳ್ಳೆಯ ರೂಢಿ. ಅದರಲ್ಲಿ ಪ್ರೀತಿ ಉಂಟು, ಎರಡು ಮನೆ ಹತ್ತಿರವಾಗುತ್ತದೆ. ಆದರೆ ಈಗ ಆ ಟೇಬಲಿನ ಅವಸ್ಥೆ ನೋಡಿ. ಇಡೀ ಕೋಳಿ, ಹೊಟ್ಟೆಯೊಳಗೆ ಮೊಟ್ಟೆ. ಮಂಡೆ ಪತ್ತಿರ್, ಪಿಂಡಿ, ಕಲ್ತಪ್ಪ, ಸಮೋಸ, ಕಟ್ಲೆಟ್, ಎರಡು ಬಗೆ ಬಿರಿಯಾನಿ, ಮೂರು ಬಗೆ ಪುಡ್ಡಿಂಗ್, ಹೆಸರು ಬರೆದ ಕೇಕ್. ತಿನ್ನುವವರು ಐದು ಜನ. ತಿನ್ನುವ ಮೊದಲು ಒಬ್ಬ ಕುರ್ಚಿ ಹತ್ತಿ ಮೇಲಿಂದ ಫೋಟೋ ತೆಗೆಯಬೇಕು, ಅಷ್ಟರಲ್ಲಿ ಮಗ್ರಿಬ್ ಜಮಾಅತ್ ಮುಗಿದಿರುತ್ತದೆ. ಆ ಫೋಟೋ ಸ್ಟೇಟಸಿಗೆ ಹೋದ ಕೂಡಲೇ ಊರಿನಲ್ಲಿ ಇನ್ನೊಂದು ಮನೆಗೆ ಅದು ಅಳತೆಗೋಲು. ಹೆಣ್ಣುಮಗಳ ಉಪ್ಪನೊಬ್ಬರು ಒಂದು ರಾತ್ರಿ ತರಾವೀಹ್ ಆದ ಮೇಲೆ ನನ್ನ ಹತ್ತಿರ ಕೂತು, "ಉಸ್ತಾದ್, ಹೆಂಡತಿಯ ಬಳೆ ಬ್ಯಾಂಕಿಗೆ ಹೋಯ್ತು, ಟೇಬಲಿಗೆ" ಅಂದರು. ಮದುವೆಗೆ ಇಟ್ಟ ಬಳೆ ಅಲ್ಲ ಅದು, ಮದುವೆಯ ಸಾಲದಲ್ಲಿ ಹೇಗೋ ಉಳಿದುಕೊಂಡ ಬಳೆ. ಅಳಿಯಂದಿರೇ, ನಿಮಗೆ ಹೇಳುತ್ತೇನೆ. ಮಾವನಿಗೆ ಮೊದಲೇ ಒಂದು ಫೋನ್ ಮಾಡಿ, "ಪತ್ತಿರ್, ಸಾರು ಸಾಕು, ಬೇರೆ ಮಾಡಿದರೆ ನಾನು ಬರುವುದಿಲ್ಲ" ಅನ್ನಿ. ಈ ಮಾತು ಹೇಳುವ ಅಧಿಕಾರ ಇರುವುದು ನಿಮಗೆ ಮಾತ್ರ. ಹುಡುಗಿಯ ಕಡೆಯವರು ಹೇಳಿದರೆ ಅದು ಜಿಪುಣತನ ಆಗುತ್ತದೆ.

ಹಾಗಾದರೆ ಸಿಂಗರಿಸುವುದೇ ತಪ್ಪೋ? ಅಲ್ಲವೇ ಅಲ್ಲ. ಪೆರ್ನಾಲ್ ದಿನ ಸಂತೋಷ ಪಡುವುದು, ಇದ್ದುದರಲ್ಲಿ ಒಳ್ಳೆಯದನ್ನು ಉಡುವುದು, ಸುಗಂಧ ಹಚ್ಚುವುದು ದೀನಿನ ಭಾಗವೇ. ಈದ್ ದಿನ ಮಸೀದಿಯ ಅಂಗಳದಲ್ಲಿ ಅಬಿಸೀನಿಯದವರು ಈಟಿ ಹಿಡಿದು ಆಟ ಆಡಿದ್ದು, ಆಯಿಶಾ(ರ) ಪ್ರವಾದಿ(ಸ)ಯವರ ಹಿಂದೆ ನಿಂತು ಸಾಕೆನಿಸುವವರೆಗೂ ನೋಡಿದ್ದು ನಮಗೆಲ್ಲ ಗೊತ್ತಿರುವ ಘಟನೆ. ಅದೇ ಆಯಿಶಾ(ರ) ಮನೆಯ ಇನ್ನೊಂದು ಘಟನೆಯೂ ಉಂಟು. ಪ್ರವಾದಿಯವರು ಪ್ರಯಾಣದಿಂದ ಮರಳಿದಾಗ ಅವರು ಚಿತ್ರಗಳಿದ್ದ ಒಂದು ಪರದೆ ತೂಗುಹಾಕಿದ್ದರು. ಪ್ರವಾದಿಯವರಿಗೆ ಅದು ಹಿಡಿಸಲಿಲ್ಲ, ತೆಗೆದರು. ಆಯಿಶಾ ಆ ಬಟ್ಟೆಯನ್ನು ಬಿಸಾಡಲಿಲ್ಲ, ಕತ್ತರಿಸಿ ಒಂದೋ ಎರಡೋ ದಿಂಬು ಮಾಡಿದರು. ನಾವು ವಅಳ್‌ಗಳಲ್ಲಿ ಪರದೆ ತೆಗೆದದ್ದನ್ನು ಮಾತ್ರ ಜೋರಾಗಿ ಹೇಳುತ್ತೇವೆ. ದಿಂಬು ಆದದ್ದನ್ನು ಹೇಳುವವರು ಕಡಿಮೆ. ಗೋಡೆಯಲ್ಲಿದ್ದ ಬಟ್ಟೆ ಒರಗಿ ಕೂರಲು ಒದಗಿತು.

ಈಗಿನ ಸಿಂಗಾರದಲ್ಲಿ ನನಗೆ ನಿಜವಾಗಿ ಹೆದರಿಕೆ ಆಗುವ ಒಂದು ವಿಷಯ ಉಂಟು. ಪೇಪರ್ ಪ್ಲೇಟು, ಟಿಶ್ಯೂ, ಟೇಬಲ್ ಶೀಟು, ಬಂಟಿಂಗ್, ಕೇಕು, ಎಲ್ಲದರ ಮೇಲೆ ಅರಬಿ ಅಕ್ಷರ. ಕೆಲವದರಲ್ಲಿ ಅಲ್ಲಾಹನ ಹೆಸರು, ಕೆಲವದರಲ್ಲಿ ಬಿಸ್ಮಿ, ಒಮ್ಮೆ ಒಂದು ಮನೆಯಲ್ಲಿ ಊಟದ ಶೀಟಿನ ಮೇಲೆ ಆಯತಿನ ತುಂಡನ್ನೇ ಕಂಡೆ. ಅದರ ಮೇಲೆ ಮೂಳೆ ಹಾಕುತ್ತಿದ್ದರು. ಅವರಿಗೆ ಗೊತ್ತಿರಲಿಲ್ಲ, ಚೆಂದದ ಡಿಸೈನ್ ಅಂತ ತಂದದ್ದು. ಆನ್‌ಲೈನಿನಲ್ಲಿ ತರಿಸುವಾಗ ಸ್ವಲ್ಪ ದೊಡ್ಡದು ಮಾಡಿ ಓದಿ ನೋಡಿ. ಓದಲು ಬಾರದಿದ್ದರೆ ಮಗನನ್ನೋ ಮಗಳನ್ನೋ ಕರೆಯಿರಿ, ಮದ್ರಸಕ್ಕೆ ಕಳಿಸುವುದು ಮತ್ತೆ ಯಾಕೆ? ಅಂಥದ್ದು ಮನೆಗೆ ಬಂದಾಗಿದ್ದರೆ ಕಸದ ಬುಟ್ಟಿಗೆ ಹಾಕಬೇಡಿ, ಬೇರೆ ಕಟ್ಟಿಟ್ಟು ಶುಚಿಯಾದ ಜಾಗದಲ್ಲಿ ಸುಟ್ಟು ಬೂದಿಯನ್ನು ಹೂತುಬಿಡಿ. ಬಾಗಿಲಿಗೆ ಕಟ್ಟಿದ್ದನ್ನು ಮೂರನೇ ದಿನ ಬಿಚ್ಚಿ. ಮಳೆಗಾಲದ ಪೆರ್ನಾಲಾದರೆ ಅದು ಹರಿದು ಚರಂಡಿಯಲ್ಲಿ ತೇಲುವುದನ್ನು ನೋಡಿ ನಾನು ಎಷ್ಟು ಸಲ ಕಡ್ಡಿ ಹಿಡಿದು ನಿಂತಿಲ್ಲ! ಬಲ್ಬಿನ ಸರ ಕೂಡ ಹಾಗೆಯೇ. ಪರದೆಗೆ ತಾಗಿಸಿ, ಒದ್ದೆ ಗೋಡೆಯ ಮೇಲೆ, ಒಂದೇ ಸ್ವಿಚ್ಚಿಗೆ ಮೂರು ಪಿನ್ ಸಿಕ್ಕಿಸಿ ರಾತ್ರಿಯಿಡೀ ಬಿಡುವುದು ಬೇಡ ಮಾರಾಯ್ರೆ.

ಅಲಂಕಾರದ ಕೆಲಸ ನನಗೂ ಸ್ವಲ್ಪ ಬರುತ್ತದೆ. ಮದ್ರಸದಲ್ಲಿ ಕಲಿತದ್ದು, ಉಸ್ತಾದರಿಂದ ಅಲ್ಲ, ದೊಡ್ಡ ಮಕ್ಕಳಿಂದ. ನಾವು ಓದುವಾಗ ಮೀಲಾದ್ ಸೆಪ್ಟೆಂಬರ್ ಅಕ್ಟೋಬರಿಗೆ ಬರುತ್ತಿತ್ತು, ಮಳೆ ಬಿಟ್ಟೂ ಬಿಡದ ದಿನಗಳು. ರಬೀವುಲ್ ಅವ್ವಲ್ ಚಂದ್ರ ಕಂಡ ಮರುದಿನದಿಂದಲೇ ಕಾಗದದ ಕೆಲಸ ಶುರು. ಗಾಳಿಪಟದ ತೆಳು ಕಾಗದ ಹಸಿರು, ಬಿಳಿ, ಹಳದಿ ತರುವುದು. ಎಂಟು ಮಡಿಕೆ ಮಾಡಿ ಕತ್ತರಿಯಲ್ಲಿ ಒಂದೇ ಸಲ ಕತ್ತರಿಸಿದರೆ ಎಂಟು ತ್ರಿಕೋನ. ಮೈದಾ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ಸಣ್ಣ ಬೆಂಕಿಯಲ್ಲಿ ಕಾಯಿಸಿದರೆ ಅಂಟು. ಬಿಸಿನೀರಿಗೆ ನೇರ ಹಿಟ್ಟು ಸುರಿದವನಿಗೆ ಎಲ್ಲರಿಂದ ಬೈಗುಳ. ಅಂಟಿಗೆ ಚೂರು ಮೈಲುತುತ್ತು ಹಾಕುತ್ತಾರೆ, ಇಲ್ಲದಿದ್ದರೆ ರಾತ್ರಿ ಜಿರಳೆ, ಇರುವೆ ಬಂದು ತೋರಣ ತಿಂದುಹಾಕುತ್ತವೆ. ಅದು ವಿಷ, ಹಾಗಾಗಿ ಆ ಕೆಲಸ ಉಸ್ತಾದರದ್ದು, ಮಕ್ಕಳು ಮುಟ್ಟುವ ಹಾಗಿಲ್ಲ. ಗೋಣಿ ಹೊಲಿಯುವ ನೂಲನ್ನು ಮದ್ರಸದ ಈ ಕಂಬದಿಂದ ಆ ಕಂಬಕ್ಕೆ ಬಿಗಿದು, ಕಾಗದದ ಅಂಚು ಮಡಚಿ ಅಂಟಿಸುತ್ತಾ ಹೋಗುವುದು. ಒಂದು ಮಳೆ ಬಂದರೆ ಹಸಿರು ಬಣ್ಣ ಗೋಡೆಗಿಳಿದು ಮುಂದಿನ ವರ್ಷದವರೆಗೂ ಹಾಗೇ. ಈಗ ಪ್ಲಾಸ್ಟಿಕ್ ತೋರಣ ಬಂದ ಮೇಲೆ ಆ ಕಷ್ಟ ಇಲ್ಲ. ಆದರೆ ಮಕ್ಕಳು ಹತ್ತು ರಾತ್ರಿ ಒಟ್ಟಿಗೆ ಕೂತು ನಗುವುದೂ ಇಲ್ಲ. ಒಬ್ಬ ಏಣಿ ಹತ್ತಿ ಅರ್ಧ ಗಂಟೆಯಲ್ಲಿ ಕಟ್ಟಿ ಇಳಿಯುತ್ತಾನೆ.

ಆ ಹುಡುಗನ ಮನೆಗೆ ಬರುತ್ತೇನೆ. ಬಾಡಿಗೆಯ ಲೈನ್ ರೂಮು. ಒಂದು ಕೋಣೆ, ಒಂದು ಅಡುಗೆಯ ಜಾಗ. ಉಪ್ಪ ಇಲ್ಲ, ತೀರಿಹೋಗಿ ಮೂರು ವರ್ಷ. ಉಮ್ಮ ಬೀಡಿ ಕಟ್ಟುತ್ತಾರೆ. ನಾನು ಹೋದಾಗಲೂ ಮಡಿಲಲ್ಲಿ ಸೂಪು, ಪಕ್ಕದಲ್ಲಿ ಎಲೆಯ ಕಟ್ಟು. ನನ್ನನ್ನು ಕಂಡು ಗಡಿಬಿಡಿಯಲ್ಲಿ ಎದ್ದು, ತಟ್ಟಿ ಸರಿಸಿ, "ಉಸ್ತಾದ್, ಅವನಿಗೆ ಹೊಟ್ಟೆನೋವು" ಅಂದರು. ಹುಡುಗ ಬಾಗಿಲ ಹಿಂದೆ ನಿಂತಿದ್ದ, ಹೊಟ್ಟೆ ಹಿಡಿದುಕೊಂಡಿರಲಿಲ್ಲ. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿದ ಮೇಲೆ ಆ ತಾಯಿಯೇ ಹೇಳಿದರು. "ಫೋನು ಉಂಟು ಉಸ್ತಾದ್. ಫೋಟೋ ತೆಗೆಯಲು ಟೇಬಲ್ ಇಲ್ಲ. ಇವ ಪೆಟ್ಟಿಗೆಯ ಮೇಲೆ ಬೆಡ್‌ಶೀಟ್ ಹಾಕಿ ಟೇಬಲ್ ಮಾಡಿದ, ಮತ್ತೆ ಗ್ರೂಪಿನಲ್ಲಿ ಬೇರೆಯವರದ್ದು ನೋಡಿ ಬಿಚ್ಚಿ ಹಾಕಿದ. ಪೆರ್ನಾಲ್ ದಿನ ಊಟವೂ ಸರಿ ಮಾಡ್ಲಿಲ್ಲ."

ನನಗೆ ಏನು ಹೇಳುವುದೆಂದು ತಿಳಿಯಲಿಲ್ಲ. ರಮಝಾನ್ ಪೂರ್ತಿ ಮಿಂಬರಿನ ಕೆಳಗೆ ಕೂತು ಬಡವರ ಹಸಿವು ಅರಿಯಲಿಕ್ಕೆ ನೋಂಬು ಎಂದು ಹೇಳಿದವ ನಾನು. ಅದೇ ಬಾಯಲ್ಲಿ ಸ್ಪರ್ಧೆ ಹೇಳಿ, ಒಬ್ಬ ಯತೀಮ್ ಹುಡುಗನ ಪೆರ್ನಾಲ್ ಊಟ ಕೆಡಿಸಿದವನೂ ನಾನೇ. ಫೋಟೋ ಹಾಕದ ಉಳಿದ ಏಳು ಮನೆಗಳಲ್ಲಿ ಏನಾಗಿತ್ತೋ. ಕೇಳುತ್ತಾ ಹೋಗುವ ಧೈರ್ಯ ಎಲ್ಲ ಕಡೆ ಆಗಲಿಲ್ಲ. ಎರಡು ಮನೆಗೆ ಹೋದೆ, ಒಂದರಲ್ಲಿ ನಿಜವಾಗಿ ನೆಟ್‌ವರ್ಕ್ ಇರಲಿಲ್ಲ, ಇನ್ನೊಂದರಲ್ಲಿ ಮಾತು ಬದಲಿಸಿದರು.

ಆ ತಾಯಿ ನನಗೆ ಚಹಾ ಕೊಟ್ಟರು. ನೆಲದಲ್ಲಿ ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದರು, ಅದರ ಮೇಲೆ ಗ್ಲಾಸ್, ಒಂದು ತಟ್ಟೆಯಲ್ಲಿ ನಾಲ್ಕು ಬಿಸ್ಕತ್ತು. ಕಿಟಕಿಯಲ್ಲಿ ಬಾಟಲಿಯಲ್ಲಿ ನೆಟ್ಟ ಮನಿಪ್ಲಾಂಟ್ ಬಳ್ಳಿ. ನೆಲ ಎಷ್ಟು ಶುಚಿಯೆಂದರೆ ನನಗೆ ನನ್ನ ಅಜ್ಜಿಯ ನೆಲ ನೆನಪಾಯಿತು. ಫಿತ್ರ್ ಝಕಾತಿನ ಅಕ್ಕಿ ನಿಮಗೆ ಸರಿಯಾಗಿ ಬಂತಾ ಎಂದು ಕೇಳಿದೆ. ಬಂತು ಉಸ್ತಾದ್ ಅಂದರು. ಮತ್ತೆ ಸಣ್ಣ ದನಿಯಲ್ಲಿ, "ನಮ್ಮ ಎರಡು ತಲೆಯದ್ದು ನಾವೂ ಅಳೆದು ಕೊಟ್ಟಿದ್ದೇವೆ, ಹಿಂದಿನ ಮನೆಯ ಅಜ್ಜಿಗೆ" ಅಂದರು. ಪೆರ್ನಾಲ್ ದಿನ ರಾತ್ರಿಯ ತಮ್ಮ ಖರ್ಚು ಕಳೆದು ಮಿಕ್ಕಿದ್ದರೆ ಕೊಡಬೇಕಾದದ್ದು ಎಂಬ ಮಸ್‌ಅಲವನ್ನು ನಾನು ಅದೇ ತರಗತಿಯಲ್ಲಿ ಕಲಿಸಿದ್ದೆ. ಹುಡುಗ ಮನೆಗೆ ಹೋಗಿ ಉಮ್ಮನಿಗೆ ಹೇಳಿದ್ದನಂತೆ. ತಲೆಗೊಂದು ಸ್ವಾಅ್, ಸುಮಾರು ಎರಡೂವರೆ ಮೂರು ಕಿಲೋ, ಇಬ್ಬರದ್ದು ಸೇರಿ ಹತ್ತಿರ ಹತ್ತಿರ ಆರು ಕಿಲೋ ಅಕ್ಕಿ. ಆ ಮನೆಯಿಂದ.

ಮರುದಿನ ಹುಡುಗ ಮದ್ರಸಕ್ಕೆ ಬಂದ. ನಾನು ತರಗತಿಯಲ್ಲಿ ಬಹುಮಾನದ ಪ್ಯಾಕೆಟ್ ಬಿಚ್ಚಿ ಪೆನ್ಸಿಲುಗಳನ್ನು 27 ಮಕ್ಕಳಿಗೂ ಹಂಚಿದೆ. ಗೆದ್ದ ಮೂವರಲ್ಲಿ ಒಬ್ಬಳು ಅತ್ತಳು. ಅದೂ ನನ್ನ ತಪ್ಪೇ. ಅವಳ ಟೇಬಲ್ ನಿಜಕ್ಕೂ ಚೆಂದ ಇತ್ತು, ಎಲ್ಲ ಅವಳೇ ಕೈಯಾರೆ ಕತ್ತರಿಸಿ ಮಾಡಿದ್ದಳು. ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ನನ್ನ ಹೆಂಡತಿ, "ನೀವು ಗಂಡಸರಿಗೆ ಬಲೂನ್ ಊದುವುದು ಸುಲಭ, ಪಾತ್ರೆ ತೊಳೆಯುವುದಕ್ಕೆ ಒಂದು ಸ್ಪರ್ಧೆ ಇಡಿ ನೋಡುವ" ಅಂದಳು. ಅದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ವರ್ಷ ಫೋಟೋ ಸ್ಪರ್ಧೆ ಇಲ್ಲ. ರಮಝಾನ್ ರಜೆಗೆ ಮೊದಲ ವಾರ, ಕ್ಲಾಸ್ ಮುಗಿದ ಮೇಲೆ ದಿನಾ ಅರ್ಧ ಗಂಟೆ, ಎಲ್ಲರೂ ಕೂತು ಕಾಗದದ ತೋರಣ ಮಾಡಿದೆವು. ಲೆಕ್ಕ ಸರಳ, ಪ್ರತಿ ಮನೆಗೆ ಹತ್ತು ಅಡಿ. ಟೇಬಲ್ ಇರಲಿ ಇಲ್ಲದಿರಲಿ, ಬಾಗಿಲು ಎಲ್ಲರಿಗೂ ಉಂಟಲ್ಲ. ಅಕ್ಷರ ಏನೂ ಬೇಡ, ಬರೀ ತ್ರಿಕೋನ ಎಂದು ಕಟ್ಟುನಿಟ್ಟಾಗಿ ಹೇಳಿದ್ದೆ. ಕಳೆದ ವರ್ಷ ಗೆದ್ದು ಅತ್ತ ಹುಡುಗಿ ಕತ್ತರಿಯ ಕೆಲಸಕ್ಕೆ ಮುಖ್ಯಸ್ಥೆ. ಅವಳು ಮಡಚಿದ ಹಾಗೆ ನನಗೂ ಮಡಚಲು ಬರುವುದಿಲ್ಲ. ನಮ್ಮ ಹುಡುಗ ಅಂಟು ಕಲಸಲು ನಿಂತ. ಮೊದಲ ದಿನ ಗಂಟುಗಂಟಾಯಿತು, ಎರಡನೇ ದಿನ ಸರಿಯಾಯಿತು. ಮೈಲುತುತ್ತು ನಾನೇ ಹಾಕಿದೆ. ಒಣಗಿದ ತೋರಣಗಳನ್ನು ಹಳೆಯ ಪೇಪರಿನಲ್ಲಿ ಸುರುಳಿ ಸುತ್ತಿ, ಹೆಸರು ಬರೆದು ಕೊಟ್ಟೆವು. ಪೆರ್ನಾಲ್ ರಾತ್ರಿ ಘೋಷಣೆ ಬಂದ ಮೇಲೆ ಬಿಡಿಸಿ ಕಟ್ಟಬೇಕು, ಮೂರನೇ ದಿನ ಬಿಚ್ಚಬೇಕು.

ಎಲ್ಲರೂ ಹೋದ ಮೇಲೆ ಅವನು ಚೀಲ ಹೆಗಲಿಗೆ ಹಾಕಿಕೊಂಡು ಮೇಜಿನ ಹತ್ತಿರ ನಿಂತಿದ್ದ.

"ಉಸ್ತಾದ್, ಇನ್ನೊಂದು ಸುರುಳಿ ಉಂಟಾ?"

"ಯಾರಿಗೆ?"

"ನಮ್ಮ ಪಕ್ಕದ ರೂಮಿನಲ್ಲಿ ಬಿಹಾರದವರು ಇದ್ದಾರೆ, ಕಟ್ಟಡ ಕೆಲಸದವರು. ಅವರಿಗೂ ಪೆರ್ನಾಲ್ ಅಲ್ವಾ."

ಮಿಕ್ಕಿದ ತುಂಡುಗಳನ್ನೆಲ್ಲ ಜೋಡಿಸಿ ಹೇಗೋ ಎಂಟು ಅಡಿ ಮಾಡಿಕೊಟ್ಟೆ. ಅವನು ಬಾಗಿಲವರೆಗೆ ಹೋಗಿ ತಿರುಗಿ ನಿಂತ.

"ಅವರು ಊರಿಗೆ ಫೋನ್ ಮಾಡಿ ಕೇಳಿ ಪೆರ್ನಾಲ್ ಮಾಡುವುದು ಉಸ್ತಾದ್. ಅವರದ್ದು ಒಂದು ದಿನ ತಡ ಆದ್ರೆ, ನಾನು ಮೂರು ದಿನ ಅಂತ ಯಾರದ್ದು ಲೆಕ್ಕ ಹಿಡಿಯುವುದು?"